ಕಾವ್ಯದ ಕಟ್ಟೂ ಹೊತ್ತಗೆಯ ಕಟ್ಟೂ
(ಚಾಮರಾಜನಗರ–ಗುಂಡ್ಲುಪೇಟೆಗಳ ಸೀಮೆಯ ಕವಿತೆಯನ್ನು ಕುರಿತ ಒಂದು ವಿಚಾರ)

೧

ಕಾವ್ಯವನ್ನು ವಿಮರ್ಶಿಸತಕ್ಕವರು ಅದರ ಶಬ್ದಾರ್ಥಗಳನ್ನೂ ರಸಭಾವಗಳನ್ನೂ ಕುರಿತು ವಿಚಾರಮಾಡುವುದು ವಾಡಿಕೆ. ಆ ಕಾವ್ಯವು ಯಾವ ಪದಾರ್ಥದ ಮೇಲೆ, ಯಾವ ಅಳತೆಯಲ್ಲಿ, ಯಾವ ಕ್ರಮದಿಂದ ಬರೆಯಲ್ಪಟ್ಟು ಓದುಗನ ಕೈಸೇರಿತೆಂಬ ಮಾತನ್ನು ಗ್ರಂಥಸಂಪಾದಕರಿಗೂ ಭಂಡಾರದವರಿಗೂ ಬಿಟ್ಟುಬಿಡುತ್ತಾರೆ. ಪಾತ್ರೆ ಬೇರೆ, ಪಾನ ಬೇರೆ ಎಂಬುದು ಇದರ ಹಿಂದಿರುವ ಭಾವನೆ. ಈ ಭಾವನೆಯು ಅರ್ಧ ಮಾತ್ರ ಸತ್ಯವೆಂದು ತೋರಿಸುವುದು ಈ ಲೇಖನದ ಉದ್ದೇಶ. ಹೊತ್ತಗೆಯನ್ನು ಕಟ್ಟುವುದೂ ಒಂದು ಬಗೆಯ ವಿಮರ್ಶೆಯೇ. ಕಟ್ಟುವವನು ತಿಳಿದೋ ತಿಳಿಯದೆಯೋ ಕವಿತೆಗೆ ಒಂದು ಅರ್ಥವನ್ನು ನಿಶ್ಚಯಿಸಿಬಿಡುತ್ತಾನೆ.

ಈ ವಿಚಾರಕ್ಕೆ ಈಗ ಒಂದು ಪ್ರಯೋಜನವೂ ಉಂಟು. ಕಾಗದವನ್ನು ಮಡಿಸಿ, ದಾರದಿಂದ ಹೊಲಿದು, ಕೆಲವೇ ಪ್ರತಿಗಳಲ್ಲಿ ಕವಿತೆಯ ಕಿರುಹೊತ್ತಗೆಗಳನ್ನು ಕೈಯಿಂದಲೇ ಮಾಡುವ ಅಭಿರುಚಿ ಈ ಕಾಲದಲ್ಲಿ ಮತ್ತೆ ಚಿಗುರಿದೆ. ಅದನ್ನು ಮಾಡತಕ್ಕವರು ಸಾಮಾನ್ಯವಾಗಿ ಪಾಶ್ಚಾತ್ಯ ಮಾದರಿಗಳನ್ನು ಮುಂದಿಟ್ಟುಕೊಳ್ಳುತ್ತಾರೆ. ಅದು ತಪ್ಪೇನೂ ಅಲ್ಲ. ಆದರೆ ಕನ್ನಡದ ಪದ್ಯವು ಅಚ್ಚುಕೂಟಗಳು ಬರುವುದಕ್ಕೆ ಮೊದಲು ಶತಮಾನಗಟ್ಟಲೆ ಕೈಹೊತ್ತಗೆಯಲ್ಲಿಯೇ ಬಾಳಿದುದು. ಆ ಬಾಳಿನ ನಿಯಮಗಳನ್ನು ಅರಿಯದೆ ಕನ್ನಡಪದ್ಯಕ್ಕೆ ಹೊಸ ಕಟ್ಟನ್ನು ಕಲ್ಪಿಸುವುದು ಉಚಿತವಲ್ಲ.

೨

ಉದಾಹರಣೆಗೆ ಒಂದೇ ಸೀಮೆಯನ್ನು ತೆಗೆದುಕೊಳ್ಳೋಣ. ೧೯೯೭ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಚಾಮರಾಜನಗರ ಜಿಲ್ಲೆಯು ಸಾಹಿತ್ಯಚರಿತ್ರೆಯಲ್ಲಿ ಬಡವಾದುದಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯಲ್ಲಿ ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ಬೊಮ್ಮರಸನು ‘ಸನತ್ಕುಮಾರ ಚರಿತೆ’ಯನ್ನು ಷಟ್ಪದಿಯಲ್ಲಿಯೂ ‘ಜೀವಂಧರ ಸಾಂಗತ್ಯ’ವನ್ನು ಅದರ ಹೆಸರೇ ಹೇಳುವ ಛಂದಸ್ಸಿನಲ್ಲಿಯೂ ರಚಿಸಿದನು. ಎಳಂದೂರು ಹದಿನೇಳನೆಯ ಶತಮಾನದಲ್ಲಿ ‘ರಾಜಶೇಖರ ವಿಳಾಸ’ವನ್ನು ಬರೆದ ಷಡಕ್ಷರದೇವನ ಮಠವಿದ್ದ ಊರು. ೧೬೭೩ರಿಂದ ೧೭೦೪ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದು ‘ಹದಿಬದೆಯ ಧರ್ಮ’ವನ್ನು ಬರೆದ ಹೊನ್ನಮ್ಮನೂ ಅದೇ ಊರಿನವಳು. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯಲ್ಲಿ ದೇವಚಂದ್ರನು ೧೮೩೮ರಲ್ಲಿ ‘ರಾಜಾವಳೀಕಥೆ’ಯನ್ನು ಮುಗಿಸಿದನು. ಹೀಗೆ ಸಾಂಗತ್ಯ, ಷಟ್ಪದಿ, ಚಂಪು, ಗದ್ಯ ಎಂಬ ನಾಲ್ಕು ಮಾರ್ಗಗಳೂ ಈ ಒಂದು ಸೀಮೆಯ ಕೈಹೊತ್ತಗೆಗಳಲ್ಲಿ ನಡೆದಿವೆ.

೩

ಓಲೆಯ ಹೊತ್ತಗೆ ಹೇಗಾಗುತ್ತಿತ್ತೆಂಬುದನ್ನು ಸಂಕ್ಷೇಪವಾಗಿ ಜ್ಞಾಪಿಸಿಕೊಳ್ಳಬೇಕು. ಶ್ರೀತಾಳೆಯ ಅಥವಾ ಸಾಧಾರಣ ತಾಳೆಯ ಗರಿಯನ್ನು ತಂದು, ನಡುವಣ ಕಡ್ಡಿಯನ್ನು ತೆಗೆದು, ನೀರಿನಲ್ಲಿ ಕುದಿಸಿ, ಒಣಗಿಸಿ, ಉಜ್ಜಿ ನುಣುಪುಮಾಡಿ, ಒಂದೇ ಅಳತೆಗೆ ಕತ್ತರಿಸುವರು. ಕಂಠವೆಂಬ ಉಕ್ಕಿನ ಲೇಖನಿಯಿಂದ ಅಕ್ಷರಗಳನ್ನು ಕೊರೆದು, ಮೇಲೆ ಮಸಿಯನ್ನು ತೊಡೆದು ಒರಸಿದರೆ ಕೊರೆದೆಡೆಯಲ್ಲಿ ಮಾತ್ರ ಕಪ್ಪು ನಿಲ್ಲುವುದು. ಗರಿಗಳಿಗೆ ರಂಧ್ರವನ್ನು ಮಾಡಿ, ದಾರವನ್ನು ಪೋಣಿಸಿ, ಮೇಲೊಂದು ಕೆಳಗೊಂದು ಮರದ ಹಲಗೆಯಿಟ್ಟು ಸುತ್ತಿ ಕಟ್ಟಿದರೆ ಅದೇ ಒಂದು ಕಟ್ಟು. ಮೂಡಬಿದಿರೆಯ ಧವಲಾದಿ ಸಿದ್ಧಾಂತಗ್ರಂಥಗಳಂತೆ ಕೊರೆಯದೆ ಮಸಿಯಿಂದಲೇ ಬರೆದ ಶ್ರೀತಾಳೆಯ ಗರಿಗಳೂ ಉಂಟು. ನಮ್ಮಲ್ಲಿ ಕೊರೆದವೇ ಹೆಚ್ಚು.

ಇಲ್ಲಿ ವಿಮರ್ಶಕನು ಗಮನಿಸತಕ್ಕ ಅಂಶವೊಂದಿದೆ. ಗರಿಯು ಅಡ್ಡಲಾಗಿ ಬಹಳ ಉದ್ದ. ಅಗಲದಲ್ಲಿ ಬಹಳ ಕಿರಿದು. ಒಂದು ಗರಿಯನ್ನು ಸಿದ್ಧಪಡಿಸುವುದಕ್ಕೆ ತಗಲುವ ಶ್ರಮ ಹೆಚ್ಚಾದುದರಿಂದ ಲಿಪಿಕಾರನು ಎಡೆಯನ್ನು ಸ್ವಲ್ಪವೂ ವ್ಯರ್ಥಮಾಡುವುದಿಲ್ಲ. ಅವನು ಪಾದಕ್ಕೊಂದು ಸಾಲನ್ನು ಮುರಿಯುವುದಿಲ್ಲ. ಪದಪದಗಳ ನಡುವೆ ತೆರಪನ್ನೂ ಬಿಡುವುದಿಲ್ಲ. ಪದ್ಯವೂ ಗದ್ಯದಂತೆ ಗರಿಯ ಈ ತುದಿಯಿಂದ ಆ ತುದಿಯವರೆಗೆ ಹರಿಯುತ್ತದೆ. ಹಾಗಾದರೆ ಓದತಕ್ಕವನು ಪಾದವು ಎಲ್ಲಿ ಮೊದಲಾಗುವುದೆಂದು ತಿಳಿಯುವುದು ಹೇಗೆ?

ಉತ್ತರವು ಪದ್ಯದೊಳಗೇ ಇದೆ. ಸಾಂಗತ್ಯದ ಒಂದನೆಯ ಮೂರನೆಯ ಪಾದಗಳಲ್ಲಿ ನಾಲ್ಕು ನಾಲ್ಕು ವಿಷ್ಣುಗಣಗಳು. ಎರಡನೆಯ ನಾಲ್ಕನೆಯ ಪಾದಗಳಲ್ಲಿ ಎರಡು ವಿಷ್ಣುಗಣಗಳೂ ಕೊನೆಗೊಂದು ಬ್ರಹ್ಮಗಣವೂ ಬರುತ್ತವೆ. ನಾಲ್ಕು ಪಾದಗಳ ಎರಡನೆಯ ಅಕ್ಷರವೂ ಒಂದೇ ಪ್ರಾಸದಿಂದ ಕೂಡಿರುವುದು. ತೆರಪಿಲ್ಲದ ಬರವಣಿಗೆಯಲ್ಲಿ ಕಣ್ಣು ಓಡುತ್ತಿರುವಾಗ ಆ ಪ್ರಾಸಾಕ್ಷರವು ಮರಳಿ ಬಂದೊಡನೆ ಪಾದವೊಂದು ಹೊಸದಾಗಿ ತೊಡಗಿತೆಂದು ಅಭ್ಯಾಸವುಳ್ಳ ಓದುಗನಿಗೆ ಗೊತ್ತಾಗುತ್ತದೆ. ಕೊನೆಯ ಬ್ರಹ್ಮಗಣವು ಉಸಿರಿನ ನಿಲುಗಡೆಯನ್ನು ಸೂಚಿಸುತ್ತದೆ. ಪದ್ಯದ ಅಂತ್ಯದಲ್ಲಿ ಎರಡು ಗೀಟುಗಳೂ ಸಂಖ್ಯೆಯೂ ಇರುತ್ತವೆ. ಚಂಪುವಿನಲ್ಲಿಯಾದರೋ ‘ಕಂ’, ‘ವ’ ಎಂಬ ಸಂಕೇತಾಕ್ಷರಗಳು ಕಂದವನ್ನೂ ವಚನವನ್ನೂ ಬೇರ್ಪಡಿಸುತ್ತವೆ. ಅಚ್ಚಿನ ಪುಟದಲ್ಲಿ ಬಿಳಿಯ ಎಡೆಯು ಮಾಡುವ ಕೆಲಸವನ್ನು ಓಲೆಯಲ್ಲಿ ಛಂದಸ್ಸೇ ಮಾಡುತ್ತದೆ.

ಇದಕ್ಕೆ ಎರಡು ಆಕ್ಷೇಪಗಳು ಹುಟ್ಟಬಹುದು. ಪ್ರಾಸವು ಓಲೆಯಿಂದ ಹುಟ್ಟಿದುದಲ್ಲ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೇ ಅದನ್ನು ವಿಸ್ತಾರವಾಗಿ ವಿಚಾರಿಸಿದೆ ಎಂಬುದು ಮೊದಲನೆಯದು. ನಾವು ಹೇಳುವುದು ಪ್ರಾಸದ ಉತ್ಪತ್ತಿಯನ್ನಲ್ಲ, ಅದರ ಕಾರ್ಯವನ್ನು. ಕಾವ್ಯವನ್ನು ಒಬ್ಬನು ವಾಚಿಸಿ ಹಲವರು ಕೇಳುತ್ತಿದ್ದರು, ಕಣ್ಣಿನ ಅನುಕೂಲವು ಇಲ್ಲಿ ಅಪ್ರಕೃತವೆಂಬುದು ಎರಡನೆಯದು. ವಾಚಕನಿಗೂ ಕಣ್ಣುಂಟು, ಅವನು ತಡವರಿಸಿದರೆ ಕೇಳುವವರ ಕಿವಿಯೂ ತಡವರಿಸುತ್ತದೆ. ಕಣ್ಣಿಗೂ ಕಿವಿಗೂ ಒಂದೇ ಗುರುತು ಸಾಕಾಗುವಂತೆ ಪದ್ಯವು ಕಟ್ಟಲ್ಪಟ್ಟಿದ್ದಿತೆಂಬುದೇ ನಮ್ಮ ಮಾತಿನ ಸಾರ.

೪

ಓಲೆಯ ಕಟ್ಟಿಗೆ ಈಗಿನ ಪುಸ್ತಕಗಳಿಗಿರುವ ಮುಖಪುಟವಿಲ್ಲ. ಕೃತಿಯ ಹೆಸರು, ಕವಿಯ ಹೆಸರು, ಗುರುವಿನ ಸ್ಮರಣೆ, ಬರೆಯಲು ಕಾರಣ ಎಲ್ಲವೂ ಪದ್ಯದೊಳಗೆ ಸೇರಬೇಕು, ಸೇರದಿದ್ದರೆ ನಷ್ಟವಾಗುತ್ತವೆ. ಹೊನ್ನಮ್ಮನು ತನ್ನ ಗುರುವಾದ ಅಳಸಿಂಗರಾರ್ಯನನ್ನೂ ರಾಜದಂಪತಿಗಳ ಪ್ರೇರಣೆಯನ್ನೂ ಪೀಠಿಕೆಯಲ್ಲಿ ಹೇಳಿಕೊಂಡಿರುವುದು ಕೇವಲ ವಿನಯದ ಸಂಪ್ರದಾಯವಲ್ಲ. ಹೊತ್ತಗೆಯ ಅಂಗವೊಂದನ್ನು ಅದು ತುಂಬಿಕೊಡುತ್ತದೆ. ಲಿಪಿಕಾರನಾದರೋ ಕಟ್ಟಿನ ಕೊನೆಯಲ್ಲಿ ಸಂವತ್ಸರ ತಿಥಿಗಳನ್ನು ಬರೆದು, ತನ್ನ ತಪ್ಪುಗಳನ್ನು ತಿದ್ದಿ ಓದಬೇಕೆಂದು ಬಲ್ಲವರನ್ನು ಬೇಡಿಕೊಳ್ಳುವುದು ರೂಢಿ.

ಅಚ್ಚು ಬಂದಮೇಲೆ ಈ ಸ್ಥಿತಿಯು ಬದಲಾಯಿತು. ೧೮೯೧ರಲ್ಲಿ ಮೈಸೂರಿನಲ್ಲಿ ಪ್ರಾಚ್ಯಪುಸ್ತಕ ಭಂಡಾರವು ಸ್ಥಾಪಿತವಾಗಿ ಓಲೆಗಳು ಒಂದೆಡೆ ಸೇರತೊಡಗಿದುವು. ಪಂಡಿತರು ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸಿ ಅಚ್ಚುಹಾಕಿಸಿದರು. ಈ ಮಹೋಪಕಾರವನ್ನು ಕನ್ನಡಿಗರು ಮರೆಯಲಾಗದು. ಪಾದಕ್ಕೊಂದು ಸಾಲು ಬಂದುದರಿಂದ ಛಂದಸ್ಸು ಕಣ್ಣಿಗೆ ಕಾಣಿಸಿಕೊಂಡಿತು. ಎಳೆಯರಿಗೆ ಕಲಿಸುವುದು ಸುಲಭವಾಯಿತು. ಆದರೆ ಲಾಭದೊಡನೆ ನಷ್ಟವೂ ಉಂಟು. ಲಿಪಿಕಾರನ ಬಿನ್ನಪವು ಪೀಠಿಕೆಯ ಮೂಲೆಗೆ ಸರಿಯಿತು. ಅದಕ್ಕಿಂತಲೂ ಗುರುತರವಾದುದೇನೆಂದರೆ, ಬಿಳಿಯ ಎಡೆಯ ನಡುವೆ ಒಂಟಿಯಾಗಿ ನಿಂತ ನಾಲ್ಕು ಸಾಲುಗಳು ತಮ್ಮಷ್ಟಕ್ಕೆ ತಾವೇ ಪೂರ್ಣವೆಂಬಂತೆ ತೋರತೊಡಗಿದುವು.

ಹೊನ್ನಮ್ಮನ ಗತಿಯೇ ಇದಕ್ಕೆ ನಿದರ್ಶನ. ಹೆಣ್ಣನ್ನು ಹೀಗಳೆಯುವವರನ್ನು ಕುರಿತು ಅವಳು ಕೇಳುವ ಪ್ರಶ್ನೆಯ ಪದ್ಯವು ಪಾಠಪುಸ್ತಕಗಳಲ್ಲಿಯೂ ಸಂಕಲನಗಳಲ್ಲಿಯೂ ಭಾಷಣಗಳಲ್ಲಿಯೂ ಬಿಡಿಯಾಗಿ ಮೆರೆದಿದೆ. ಅದು ಮೆರೆಯತಕ್ಕ ಪದ್ಯವೇ ಸರಿ. ಆದರೆ ಬಿಡಿಪದ್ಯವನ್ನಷ್ಟೇ ಬಲ್ಲ ವಿದ್ಯಾರ್ಥಿಗೆ ಹೊನ್ನಮ್ಮನು ತನ್ನ ಕಾಲವನ್ನೇ ಧಿಕ್ಕರಿಸಿದವಳಾಗಿ ಕಾಣುತ್ತಾಳೆ. ಒಂಬತ್ತು ಸಂಧಿಗಳ ಇಡಿಯ ಕೃತಿಯನ್ನು ಓದಿದವನಿಗಾದರೋ ಅವಳು ಪತಿವ್ರತಾಧರ್ಮವನ್ನು ಶ್ರದ್ಧೆಯಿಂದ ಬೋಧಿಸುವ, ಆ ಬೋಧೆಯ ನಡುವೆಯೇ ಹೆಣ್ಣಿನ ಪರವಾಗಿ ಹರಿತವಾದ ಪ್ರಶ್ನೆಯನ್ನು ಎತ್ತುವ ಕವಿಯಾಗಿ ಕಾಣುತ್ತಾಳೆ. ಎರಡನೆಯ ಹೊನ್ನಮ್ಮನು ಮೊದಲನೆಯವಳಿಗಿಂತ ಕಷ್ಟದ ಕವಿ. ಆದುದರಿಂದಲೇ ದೊಡ್ಡ ಕವಿ. ದಾರದಲ್ಲಿ ಪೋಣಿಸಿದ ಓಲೆಯಿಂದ ಒಂದು ಗರಿಯನ್ನು ಕಿತ್ತರೆ ಕಟ್ಟೇ ಸಡಿಲವಾಗುವುದು. ಅಚ್ಚಿನಿಂದ ಒಂದು ಪದ್ಯವನ್ನು ಕಿತ್ತರೆ ಕಿತ್ತ ಗುರುತೂ ಉಳಿಯದು.

೫

ಓಲೆಯಲ್ಲದೆ ನಮ್ಮ ದೇಶದಲ್ಲಿ ಇನ್ನೊಂದು ಕೈಹೊತ್ತಗೆಯಿದ್ದಿತು, ಅದು ಕಡತ. ಹತ್ತಿಯ ಬಟ್ಟೆಗೆ ಇದ್ದಲಿನ ಪುಡಿ ಬೆರಸಿದ ಅಂಟನ್ನು ಎರಡು ಮಗ್ಗುಲಿಗೂ ಬಳಿದು, ಒಣಗಿಸಿ, ಹಿಂದುಮುಂದಾಗಿ ಮಡಿಸಿ, ಎರಡು ತುದಿಗಳಿಗೂ ತೆಳುವಾದ ಹಲಗೆಯನ್ನು ಸೇರಿಸಿ, ಬಳಪದಿಂದ ಬರೆಯುತ್ತಿದ್ದರು. ಮೈಸೂರಿನ ಚರಿತ್ರೆಯನ್ನು ಬರೆದ ವಿಲ್ಕ್ಸನು ೧೮೧೦ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇದನ್ನು ವರ್ಣಿಸಿ, ಬಟ್ಟೆಯ ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ ಹನ್ನೆರಡರಿಂದ ಹದಿನೆಂಟು ಅಡಿ ಎಂದು ಅಳತೆಯನ್ನೂ ಕೊಟ್ಟಿದ್ದಾನೆ. ಕಡತವು ಮುಖ್ಯವಾಗಿ ಲೆಕ್ಕಪತ್ರಗಳ ಸಾಧನ. ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದಾದುದು. ಆದರೂ ಪುಟಗಳು ಬೇರೆಬೇರೆಯಾಗದೆ ಒಂದೇ ಹಾಸಾಗಿ ಬಿಚ್ಚಿಕೊಳ್ಳುವ ಅದರ ಗುಣವು ಕವಿತೆಗೂ ಒಪ್ಪತಕ್ಕದ್ದು.

ಎಂತಹ ಕವಿತೆಗೆ? ಈ ಸೀಮೆಯಲ್ಲಿ ಬರಹಕ್ಕೆ ಇಳಿಯದೆ ಬಾಯಿಂದ ಬಾಯಿಗೆ ಬಂದ ಮಹಾಕಾವ್ಯಗಳೆರಡಿವೆ: ನೀಲಗಾರರು ಹಾಡುವ ಮಂಟೇಸ್ವಾಮಿಯ ಕಥೆ, ಕಂಸಾಳೆಯವರು ಹಾಡುವ ಮಲೆಯ ಮಾದೇಶ್ವರನ ಕಥೆ. ಇವುಗಳ ಭಾಗಗಳನ್ನು ಸಂಧಿಯೆನ್ನದೆ, ಆಶ್ವಾಸವೆನ್ನದೆ, ‘ಸಾಲು’ ಎನ್ನುತ್ತಾರೆ. ಸಂಕಮ್ಮನ ಸಾಲು ಪ್ರಸಿದ್ಧವಾದುದು. ಈ ಹಾಡಿಕೆಯನ್ನು ಬರೆದುಕೊಳ್ಳುವವನು ಎಲ್ಲಿ ಪಂಕ್ತಿಯನ್ನು ಮುರಿದರೆ ಅದು ಅಲ್ಲಿ ಅವನ ವ್ಯಾಖ್ಯಾನವೇ ಆಗುತ್ತದೆ. ಇಲ್ಲಿ ಪ್ರಾಸದ ನೆರವು ನಿಯತವಾಗಿಲ್ಲ. ಹಿಮ್ಮೇಳದವರು ಸೊಲ್ಲನ್ನು ಹಿಡಿಯುವ ಎಡೆಯೇ ಪ್ರಮಾಣ. ಇಂತಹ ಒಂದು ಸಾಲನ್ನು ಕಡತದಂತೆ ಮಡಿಸಿದ ಒಂದೇ ಹಾಸಿನ ಮೇಲೆ, ಸೊಲ್ಲು ಬರುವ ಎಡೆಯಲ್ಲಿ ಮಾತ್ರ ಪಂಕ್ತಿ ಮುರಿದು ಬರೆದರೆ, ಹಾಡಿನ ಓಟವು ಪುಟದ ಅಂಚಿಗೆ ಬಲಿಯಾಗದು.

೬

ಈ ವಿಚಾರದಿಂದ ಕಿರುಹೊತ್ತಗೆಯನ್ನು ಮಾಡತಕ್ಕವರಿಗೆ ದೊರೆಯುವ ನಿಯಮಗಳು ಕೆಲವೇ. ಮೊದಲನೆಯದಾಗಿ, ಕೃತಿಯ ಸಹಜವಾದ ಘಟಕವನ್ನು ಇಡಿಯಾಗಿ ತೆಗೆದುಕೊಳ್ಳಬೇಕು. ಹೊನ್ನಮ್ಮನ ಪ್ರಸಿದ್ಧ ಪದ್ಯವು ಬೇಕೆಂದರೆ ಅದಿರುವ ಸಂಧಿಯೆಲ್ಲವೂ ಬರಲಿ. ಹಾಳೆಯೊಂದನ್ನು ಮೂರುಬಾರಿ ಮಡಿಸಿದರೆ ಎಂಟು ಎಲೆ, ಹದಿನಾರು ಪುಟ. ಪುಟಕ್ಕೆ ನಾಲ್ಕರಂತೆ ಅರುವತ್ತನಾಲ್ಕು ಸಾಂಗತ್ಯಗಳು ಹಿಡಿಸುತ್ತವೆ. ಪದ್ಯಗಳನ್ನು ಎಣಿಸಿ ಪುಟವನ್ನು ನಿಶ್ಚಯಿಸಬೇಕೇ ಹೊರತು ಪುಟವನ್ನು ನೋಡಿ ಪದ್ಯಗಳನ್ನು ಕತ್ತರಿಸಬಾರದು. ಎರಡನೆಯದಾಗಿ, ಪುಟದ ಅಗಲವು ನಾಲ್ಕು ಗಣಗಳ ಉದ್ದಪಾದವನ್ನು ಮುರಿಯದೆ ತಾಳುವಷ್ಟಿರಬೇಕು. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಎಡೆಯಿರಬೇಕು. ಮೂರನೆಯದಾಗಿ, ಕಾಗದದ ನಾರು ಬೆನ್ನಿನ ಮಡಿಕೆಯ ದಿಕ್ಕಿಗೇ ಇರಬೇಕು. ಇಲ್ಲವಾದರೆ ಮಡಿಕೆಯು ಒಡೆದು, ಹೊತ್ತಗೆಯು ತೆರೆದು ನಿಲ್ಲದು. ಬೆನ್ನಿನ ಮಡಿಕೆಯಲ್ಲಿ ಮೂರು ಅಥವಾ ಐದು ರಂಧ್ರಗಳನ್ನು ಮಾಡಿ ಹೊಲಿದರೆ ಸಾಕು. ಕಡೆಯದಾಗಿ, ಮಾಡಿದವನು ತನ್ನ ಹೆಸರನ್ನೂ ವರ್ಷವನ್ನೂ ಆಧರಿಸಿದ ಪ್ರತಿಯನ್ನೂ ಕೊನೆಯ ಎಲೆಯಲ್ಲಿ ಹಳೆಯ ಲಿಪಿಕಾರನಂತೆ ಬರೆಯಲಿ. ಅದು ಅಲಂಕಾರವಲ್ಲ, ಪಾಠಕ್ಕೆ ತಾನು ಹೊಣೆಯೆಂಬ ಒಪ್ಪಿಗೆ.

ಇದು ಹಳೆಯದನ್ನು ಅನುಕರಿಸುವ ವಿಲಾಸವೆಂದು ಕೆಲವರು ಹೇಳಬಹುದು. ಓಲೆಯನ್ನು ಮತ್ತೆ ಕೊರೆಯಿರೆಂದು ನಾವು ಹೇಳುತ್ತಿಲ್ಲ. ಸಾಹಿತ್ಯವನ್ನು ಬೋಧಿಸತಕ್ಕವರು ಒಂದು ಸಂಧಿಯನ್ನು ವಿದ್ಯಾರ್ಥಿಗಳ ಕೈಯಿಂದ ಹೀಗೆ ಬರೆಯಿಸಿ ಹೊಲಿಸಿದರೆ, ಪಾದವೆಲ್ಲಿ ತೊಡಗಿತು, ಉಸಿರೆಲ್ಲಿ ನಿಂತಿತು, ಯಾವ ಪದ್ಯವು ಯಾವುದರ ನೆರೆಯಲ್ಲಿ ಕುಳಿತಿದೆ ಎಂಬುದನ್ನು ಅವರು ಲಕ್ಷಣವನ್ನು ಬಾಯಿಪಾಠಮಾಡಿದುದಕ್ಕಿಂತ ಚೆನ್ನಾಗಿ ಅರಿಯುವರು. ತೆರಕಣಾಂಬಿಯಲ್ಲಿಯೂ ಎಳಂದೂರಿನಲ್ಲಿಯೂ ಹುಟ್ಟಿದ ಸಾಂಗತ್ಯಗಳನ್ನು ಆ ಸೀಮೆಯ ಮಕ್ಕಳೇ ತಮ್ಮ ಕೈಯಿಂದ ಕಟ್ಟುವಂತಾದರೆ, ಅಂದು ಲಿಪಿಕಾರನು ಬೇಡಿಕೊಂಡ ‘ತಿದ್ದಿ ಓದುವ’ ಕಾರ್ಯವು ಮತ್ತೆ ಮೊದಲಾದಂತೆಯೇ ಸರಿ.