ಕಡೂರು ಸೀಮೆಗೆ ಒಗ್ಗುವ ಲಿಲ್ಲಿ

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಮಂಜು, ಕಾಫಿ ತೋಟ. ಚೌಳಹಿರಿಯೂರಿನವರನ್ನು ಕೇಳಿ ನೋಡಿ. ಬಾಬಾಬುಡನ್‌ಗಿರಿಯ ಮಳೆನೆರಳಿಗೆ ಸಿಕ್ಕ ಕಡೂರು ಸೀಮೆಯಲ್ಲಿ ತೆಂಗಿಗೇ ನೀರು ಹೊಂದಿಸುವುದು ಕಷ್ಟ, ಇನ್ನು ಲಿಲ್ಲಿಯೇ ಎನ್ನುತ್ತಾರೆ. ನಾನಂತೂ ಗೆಡ್ಡೆ ಹೂಗಳಿಗೆ ಈ ಒಣಸೀಮೆಯೇ ಮೇಲು ಎನ್ನುವವನು. ಗೆಡ್ಡೆಯನ್ನು ಕೊಲ್ಲುವುದು ಬಾಯಾರಿಕೆಯಲ್ಲ, ಬುಡದಲ್ಲಿ ನಿಂತ ನೀರು.

ಆದರೆ ಯಾವ ಲಿಲ್ಲಿ ಎಂಬುದು ಮುಖ್ಯ. ಬಣ್ಣದ ಚಿತ್ರ ತೋರಿಸಿ ಮಾರುವ ಏಷಿಯಾಟಿಕ್, ಓರಿಯೆಂಟಲ್ ಲಿಲ್ಲಿಗಳ ತಂಟೆ ಬೇಡ. ಹೆಚ್ಚಿನವು ಹಾಲೆಂಡಿನ ಗೆಡ್ಡೆಗಳು, ಶೀತಲಗೃಹದಲ್ಲಿ ವಾರಗಟ್ಟಲೆ ಇದ್ದು ಬಂದವು. ಆ ಚಳಿಯ ಬಲದಿಂದ ಮೊದಲ ವರ್ಷ ಹೂ ಬಿಡುತ್ತವೆ. ಆಮೇಲೆ ನಮ್ಮ ಧನುರ್ಮಾಸದ ಚಳಿ ಅವಕ್ಕೆ ಯಾತಕ್ಕೂ ಸಾಲದು. ಅವುಗಳ ಗೆಡ್ಡೆಗೆ ಹೊರಸಿಪ್ಪೆ ಇರುವುದಿಲ್ಲ, ಬಿಡಿಬಿಡಿ ಪದರ. ಈರುಳ್ಳಿಯ ಹಾಗೆ ಕಂದು ಸಿಪ್ಪೆ ಹೊದ್ದ ಅಮರಿಲ್ಲಿಸ್ ಗೆಡ್ಡೆ ಸಿಕ್ಕರೆ ಬಿಡಬೇಡಿ. ಅದರ ಜೊತೆಗೆ ಮಳೆ ಲಿಲ್ಲಿ, ಕೆಂಪು ಚೆಂಡಿನಂಥ ಮೇ ಹೂ ಇದ್ದರೆ ಮನೆಯಂಗಳಕ್ಕೆ ಸಾಕು. ಇವು ಹೆಸರಿಗಷ್ಟೇ ಲಿಲ್ಲಿ, ಕುಲ ಬೇರೆ. ಇರಲಿ.

ಶಿವರಾತ್ರಿ ಕಳೆದ ಮೇಲೆ, ಭರಣಿ ಮಳೆಗೆ ಮುಂಚೆ ನೆಟ್ಟುಬಿಡಬೇಕು. ಕೆಂಪುಮಣ್ಣಿಗೆ ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಹಸಿ ಗೊಬ್ಬರ ಬೇಡವೇ ಬೇಡ. ಅಜ್ಜಂಪುರದ ಕಡೆಯ ಎರೆಮಣ್ಣಾದರೆ ಗೇಣೆತ್ತರದ ಏರುಮಡಿ ಮಾಡಿಕೊಳ್ಳಿ. ಅಮರಿಲ್ಲಿಸ್‌ನ ಕತ್ತು, ಹೆಗಲು ಮಣ್ಣಿನ ಮೇಲೇ ಇರಲಿ. ಪೂರ್ತಿ ಹೂತರೆ ಕೊಳೆಯುತ್ತದೆ. ಮಳೆ ಲಿಲ್ಲಿಯನ್ನು ಎರಡು ಅಂಗುಲ ಆಳಕ್ಕೆ, ಗುಂಪುಗುಂಪಾಗಿ ನೆಡಿ. ಒಣಗಲು ಬಿಟ್ಟು ನೀರೆರೆದರೂ ಅದು ಹೂ ಬಿಟ್ಟೀತು, ಆದರೆ ಹದ ಮಳೆಗೆ ಮೊಗ್ಗೊಡೆಯುವ ಗಿಡ ನಲ್ಲಿ ನೀರಿಗೆ ಅಷ್ಟಾಗಿ ಸೊಪ್ಪು ಹಾಕುವುದಿಲ್ಲ.

ಹೂ ಬಾಡಿದ ಮೇಲೆ ಎಲೆ ಕೊಯ್ದು ಅಂಗಳ ಚೊಕ್ಕ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮುಂದಿನ ವರ್ಷದ ಹೂವಿಗೆ ಬುತ್ತಿ ಕಟ್ಟುವುದು ಆ ಎಲೆಗಳೇ. ತಾವಾಗಿ ಹಳದಿಯಾಗಿ ಬೀಳಲಿ. ಕಾರ್ತಿಕ ಮಾಸದಿಂದ ನೀರು ನಿಲ್ಲಿಸಿ. ತೆಂಗಿನ ಹನಿ ನೀರಾವರಿ ಪೈಪು ಹತ್ತಿರ ಸುಳಿಯದಿರಲಿ.

ಕಾಟ ಕೊಡುವುದು ಒಂದು ಹುಳು, ಮಳೆಗಾಲದಲ್ಲಿ. ಕಪ್ಪು ಮೈಮೇಲೆ ಬಿಳಿ ಚುಕ್ಕೆ, ನಡುನಡುವೆ ಕೆಂಪು, ನೋಡಲು ಚೆಂದವೇ. ಗುಂಪಾಗಿ ಬಂದರೆ ಎಲೆಯನ್ನು ಬುಡದವರೆಗೆ ಮೇಯುತ್ತದೆ. ಬೇಲಿಯ ಗೌರಿ ಹೂವಿನ ಬಳ್ಳಿಯನ್ನೂ ಬಿಡುವುದಿಲ್ಲ. ಔಷಧಿ ಹೊಡೆಯುವ ಗೋಜು ಬೇಡ. ಬೆಳಿಗ್ಗೆ ಎಲೆಯ ಅಡಿಭಾಗ ನೋಡಿ, ಕೈಯಿಂದಲೇ ಆರಿಸಿ ಸೋಪಿನ ನೀರಿಗೆ ಹಾಕಿ. ಕೋಶ ಕಟ್ಟಲು ಅದು ಮಣ್ಣಿಗಿಳಿಯುತ್ತದೆ, ಬುಡದ ಮಣ್ಣನ್ನೂ ಒಮ್ಮೆ ಕೆದಕಿ.