ಆತೋದ್ಯವಿಭಾಗ ವಿಚಾರ

ಭರತಮುನಿಯು ನಾಟ್ಯಶಾಸ್ತ್ರದ ಇಪ್ಪತ್ತೆಂಟನೆಯ ಅಧ್ಯಾಯದಲ್ಲಿ ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವುದು ಸಂಗೀತಶಾಸ್ತ್ರವನ್ನು ಓದಿದವರೆಲ್ಲರೂ ಬಲ್ಲ ವಿಷಯ. ತಂತಿಯುಳ್ಳದ್ದು ತತ, ಚರ್ಮದಿಂದ ಬಿಗಿದದ್ದು ಅವನದ್ಧ, ತಾಳವೇ ಘನ, ವಂಶವು, ಎಂದರೆ ಕೊಳಲು, ಸುಷಿರ. ಇತ್ತ 1914ರಲ್ಲಿ ಜರ್ಮನಿಯಿಂದ ಪ್ರಕಟವಾದ ಹಾರ್ನ್‌ಬೋಸ್ಟೆಲ್ ಮತ್ತು ಜಾಕ್ಸ್ ಎಂಬ ಇಬ್ಬರು ವಿದ್ವಾಂಸರ ವಾದ್ಯವರ್ಗೀಕರಣದಲ್ಲಿಯೂ ವರ್ಗಗಳು ನಾಲ್ಕೇ. ಈ ಸಾಮ್ಯವನ್ನು ಕಂಡು, ಪಾಶ್ಚಾತ್ಯರು ನಿನ್ನೆ ಮೊನ್ನೆ ಕಂಡುಹಿಡಿದುದನ್ನು ಭಾರತೀಯರು ಎರಡು ಸಾವಿರ ವರ್ಷಗಳ ಹಿಂದೆಯೇ ಅರಿತಿದ್ದರೆಂದು ಹೇಳುವುದು ಈ ದೇಶದ ಸಂಗೀತಲೇಖಕರಲ್ಲಿ ಒಂದು ವಾಡಿಕೆಯೇ ಆಗಿದೆ. ಈ ಅಭಿಮಾನವು ಆಧಾರವಿಲ್ಲದ್ದಲ್ಲ. ಆದರೆ ಎರಡು ವಿಭಾಗಗಳೂ ಒಂದೇ ಎಂದು ಎಣಿಸುವುದರಿಂದ ಭರತನ ಅಭಿಪ್ರಾಯವೇ ಮರೆಯಾಗುವುದಲ್ಲದೆ, ಪರದೇಶಗಳ ವಾದ್ಯಪರಂಪರೆಗಳನ್ನು ಅರಿಯುವ ದಾರಿಯೂ ಮುಚ್ಚಿಹೋಗುವುದು. ಆದುದರಿಂದ ಈ ವಿಷಯವು ಸ್ವಲ್ಪ ಕೂಲಂಕಷವಾದ ವಿಮರ್ಶೆಗೆ ಯೋಗ್ಯವಾಗಿದೆ.

ಎರಡಕ್ಕೂ ಇರುವ ಚಾರಿತ್ರಿಕ ಸಂಬಂಧವು ಸ್ಪಷ್ಟವಾಗಿಯೇ ಇದೆ. ಕಲ್ಕತ್ತೆಯ ರಾಜಾ ಶೌರೀಂದ್ರಮೋಹನ ಠಾಕೂರರು 1875ರಲ್ಲಿ ‘ಯಂತ್ರಕೋಶ’ವೆಂಬ ವಾದ್ಯಗ್ರಂಥವನ್ನು ವಂಗಭಾಷೆಯಲ್ಲಿ ಪ್ರಕಟಿಸಿದರು, ಮರುವರ್ಷ ಸುಮಾರು ನೂರು ಭಾರತೀಯ ವಾದ್ಯಗಳನ್ನು ಬೆಲ್ಜಿಯಂ ದೇಶದ ಅರಸನಾದ ಎರಡನೆಯ ಲಿಯೋಪೋಲ್ಡನಿಗೆ ಕಾಣಿಕೆಯಾಗಿ ಕಳುಹಿಸಿದರು. 1877ರಲ್ಲಿ ಬ್ರಸೆಲ್ಸ್ ನಗರದ ಸಂಗೀತವಿದ್ಯಾಲಯದಲ್ಲಿ ಸ್ಥಾಪಿತವಾದ ವಾದ್ಯಸಂಗ್ರಹಾಲಯಕ್ಕೆ ಈ ವಾದ್ಯಗಳು ಸೇರಿದುವು. ಅದರ ಪಾಲಕನಾದ ಮಹಿಯೋಂ ಎಂಬವನು 1880ರಿಂದ ಪ್ರಕಟಿಸತೊಡಗಿದ ಪಟ್ಟಿಯಲ್ಲಿ, ಯೂರೋಪಿನಲ್ಲಿ ರೂಢಿಯಲ್ಲಿದ್ದ ತಂತಿ, ಗಾಳಿ, ತಾಡನ ಎಂಬ ಮೂರು ಭಾಗಗಳನ್ನು ಬಿಟ್ಟು, ಯಾವ ವಸ್ತುವು ಕಂಪಿಸಿ ನಾದವನ್ನು ಹೊರಡಿಸುವುದೋ ಅದನ್ನೇ ಲಕ್ಷಣವಾಗಿ ಹಿಡಿದು ನಾಲ್ಕು ವರ್ಗಗಳನ್ನು ಮಾಡಿದನು. ಜರ್ಮನ್ ಪಂಡಿತರು ಇದನ್ನೇ ತಿದ್ದಿ ವಿಸ್ತರಿಸಿ, ಪುಸ್ತಕಾಲಯಗಳ ದಶಾಂಶಪದ್ಧತಿಯಂತೆ ಒಂದೊಂದು ವಾದ್ಯಕ್ಕೂ ಒಂದೊಂದು ಸಂಖ್ಯೆ ದೊರೆಯುವಂತೆ ಏರ್ಪಡಿಸಿದರು. ಸಂಗ್ರಹಾಲಯದ ಕಪಾಟುಗಳಿಗೆ ಇದಕ್ಕಿಂತ ಉತ್ತಮವಾದ ಪದ್ಧತಿ ಇನ್ನೂ ಹುಟ್ಟಿಲ್ಲವೆಂದೇ ಹೇಳಬೇಕು.

ಆದರೆ ಭರತನು ಕಪಾಟನ್ನು ಜೋಡಿಸುತ್ತಿದ್ದವನಲ್ಲ, ರಂಗವನ್ನು ಜೋಡಿಸುತ್ತಿದ್ದವನು. ಚತುರ್ವಿಧ ಆತೋದ್ಯದ ಲಕ್ಷಣವನ್ನು ಹೇಳಿದ ಕೂಡಲೆ ಅವನು ಕುತಪವಿನ್ಯಾಸಕ್ಕೆ, ಎಂದರೆ ವಾದಕರ ಮೇಳವನ್ನು ಕೂಡಿಸುವ ಕ್ರಮಕ್ಕೆ, ತೊಡಗುತ್ತಾನೆ. ತತಕುತಪದಲ್ಲಿ ಯಾರಿರಬೇಕು? ಪರಿವಾರಸಹಿತನಾದ ಗಾಯಕ, ವಿಪಂಚಿಯನ್ನು ನುಡಿಸುವವನು, ವೀಣೆಯವನು ಮತ್ತು ಕೊಳಲಿನವನು. ಸುಷಿರವೆಂದು ಆಗತಾನೆ ಬೇರ್ಪಡಿಸಿದ ಕೊಳಲನ್ನು ತಂತಿವಾದ್ಯಗಳ ಮಗ್ಗುಲಲ್ಲಿ ಕುಳ್ಳಿರಿಸಿದ್ದು ಪ್ರಮಾದವೆಂದು ಯಾರೂ ಹೇಳಲಾರರು. ಸ್ವರವನ್ನು ನಡೆಸುವವರೆಲ್ಲರೂ ಒಂದು ಕಡೆ. ಮೃದಂಗ ಪಣವ ದರ್ದರಗಳನ್ನು ನುಡಿಸುವವರು ಇನ್ನೊಂದು ಕಡೆ. ಇಲ್ಲಿ ವಿಭಾಗಕ್ಕೆ ಮೂಲವು ಕಂಪಿಸುವ ವಸ್ತುವಲ್ಲ, ವಾದ್ಯವು ಮಾಡುವ ಕೆಲಸ. ಮನುಷ್ಯಶರೀರವನ್ನೇ ಒಂದು ವೀಣೆಯೆಂದು ಭಾವಿಸಿ, ಶಾರೀರವೀಣೆ, ದಾರವೀವೀಣೆ ಎಂದು ಎರಡನ್ನೂ ಒಟ್ಟಿಗೆ ಹೇಳಿರುವುದೂ ಈ ದೃಷ್ಟಿಗೆ ಅನುಗುಣವಾಗಿಯೇ ಇದೆ. ಹಾರ್ನ್‌ಬೋಸ್ಟೆಲ್ ಪದ್ಧತಿಯಲ್ಲಿ ಕಂಠಕ್ಕೆ ಸ್ಥಾನವೇ ಇಲ್ಲ. ಗಾನ, ವಾದ್ಯ, ನಾಟ್ಯಗಳು ಕೊಳ್ಳಿಯನ್ನು ತಿರುಗಿಸಿದಾಗ ಕಾಣುವ ಬೆಂಕಿಯ ಚಕ್ರದಂತೆ ಒಂದಾಗಿ ಕಾಣಬೇಕೆಂದು ಬಯಸಿದ ಶಾಸ್ತ್ರಕಾರನಿಗೆ, ಬಿಡಿಬಿಡಿಯಾಗಿ ಗೂಟಕ್ಕೆ ತೂಗುಹಾಕಿದ ವಾದ್ಯವು ವಾದ್ಯವೇ ಅಲ್ಲ.

ಎಲ್ಲಕ್ಕಿಂತಲೂ ಹೆಚ್ಚಿನ ಭೇದವಿರುವುದು ಘನದಲ್ಲಿ. ನಾಟ್ಯಶಾಸ್ತ್ರದಲ್ಲಿ ಘನವಾದ್ಯದ ಪ್ರಕರಣವೆಂದರೆ ತಾಳದ ಪ್ರಕರಣ. ಕಾಲವನ್ನು ಅಳೆಯುವುದೇ ಘನದ ಕೆಲಸ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಹೇಳುವ ತಾಳ, ಕಾಂಸ್ಯತಾಳ, ಘಂಟೆ, ಕ್ಷುದ್ರಘಂಟಿಕೆ, ಜಯಘಂಟೆ, ಕಮ್ರಾ, ಶುಕ್ತಿ, ಪಟ್ಟ ಎಂಬ ಘನವಾದ್ಯಗಳಲ್ಲಿಯೂ ರಾಗವನ್ನು ನುಡಿಸುವಂತಹುದು ಒಂದೂ ಇಲ್ಲ. ಅದೇ ಗ್ರಂಥಕಾರನು ವಾದನವನ್ನು ಶುಷ್ಕ, ಗೀತಾನುಗ, ನೃತ್ತಾನುಗ, ದ್ವಯಾನುಗ ಎಂದು ಮತ್ತೊಂದು ಬಗೆಯಿಂದಲೂ ನಾಲ್ಕಾಗಿ ವಿಂಗಡಿಸಿದ್ದಾನೆ. ಎಂದರೆ ತಾನೇ ತಾನಾಗಿ ನುಡಿಯುವುದು, ಹಾಡನ್ನು ಅನುಸರಿಸುವುದು, ಕುಣಿತವನ್ನು ಅನುಸರಿಸುವುದು, ಎರಡನ್ನೂ ಅನುಸರಿಸುವುದು. ಈ ಎರಡನೆಯ ವಿಭಾಗವನ್ನು ಅಭಿಮಾನಿಗಳು ಎತ್ತಿ ಹೇಳದಿರುವುದು ಆಶ್ಚರ್ಯ. ಪಶ್ಚಿಮದ ಪಟ್ಟಿಯಲ್ಲಿ ಇದಕ್ಕೆ ಜೋಡಿಯಿಲ್ಲದಿರುವುದೇ ಕಾರಣವಾಗಿರಬಹುದು. ಪರರಲ್ಲಿ ಪ್ರತಿಬಿಂಬ ಕಂಡಾಗ ಮಾತ್ರ ತಮ್ಮ ಮುಖವನ್ನು ಮೆಚ್ಚಿಕೊಳ್ಳುವುದು ವಿಮರ್ಶೆಯ ಲಕ್ಷಣವಲ್ಲ.

ಈ ಎರಡು ದೃಷ್ಟಿಗಳ ಬಲಾಬಲವನ್ನು ಪರೀಕ್ಷಿಸಲು ಜಾವಾದ್ವೀಪದ ಗಮೆಲಾನ್ ಮೇಳಕ್ಕಿಂತ ಉತ್ತಮವಾದ ಒರೆಗಲ್ಲು ದೊರೆಯದು. ಈ ಮೇಳದ ವಾದ್ಯಗಳಲ್ಲಿ ಹೆಚ್ಚಿನವು ಕಂಚಿನವು. ಮರದ ತೊಟ್ಟಿಯ ಮೇಲೆ ದಪ್ಪನಾದ ಕಂಚಿನ ಪಟ್ಟಿಗಳನ್ನು ಸಾಲಾಗಿ ಇರಿಸಿದುದು ಸಾರೋನ್. ತೆಳುವಾದ ಪಟ್ಟಿಗಳನ್ನು ನಾದಕೊಳವೆಗಳ ಮೇಲೆ ತೂಗುಬಿಟ್ಟುದು ಗೆಂಡೇರ್. ಚಿಕ್ಕ ಚಿಕ್ಕ ಗುಬ್ಬುಜಾಗಟೆಗಳನ್ನು ಅಡ್ಡಲಾಗಿ ಹೊಂದಿಸಿದುದು ಬೊನಾಂಗ್. ನಿಲುವುಗಳಿಗೆ ತೂಗುಹಾಕಿದ ಜಾಗಟೆಗಳಲ್ಲಿ ಕಿರಿಯದು ಕೆಂಪುಲ್, ಎಲ್ಲಕ್ಕೂ ಹಿರಿಯದು ಗೊಂಗ್ ಅಗೆಂಗ್. ಕಂಪಿಸುವ ವಸ್ತುವನ್ನೇ ನೋಡುವವನಿಗೆ ಇವೆಲ್ಲವೂ ಒಂದೇ ಜಾತಿ. ಆದರೆ ಮೇಳದಲ್ಲಿ ಕುಳಿತು ಕೇಳುವವನಿಗೆ ಹಾಗಲ್ಲ. ಸಾರೋನ್‌ಗಳು ಹಾಡಿನ ಅಸ್ಥಿಪಂಜರದಂತಿರುವ ಮೂಲಸ್ವರಪಂಕ್ತಿಯನ್ನು ನಡೆಸುತ್ತವೆ. ಬೊನಾಂಗ್, ಗೆಂಡೇರ್‌ಗಳು ಆ ಪಂಕ್ತಿಯನ್ನು ಒಡೆದು ಬಿಡಿಸಿ ಅಲಂಕರಿಸುತ್ತವೆ. ದೊಡ್ಡ ಜಾಗಟೆಗಳು ಕಾಲಚಕ್ರವನ್ನು ಖಂಡಖಂಡವಾಗಿ ಗುರುತಿಸಿ, ಗೊಂಗ್ ಅಗೆಂಗ್‌ನ ಗಂಭೀರನಾದದಿಂದ ಆವರ್ತವನ್ನು ಮುಗಿಸುತ್ತವೆ. ಭರತನ ಅರ್ಥದಲ್ಲಿ ಘನವೆಂಬ ಹೆಸರು ಸಲ್ಲುವುದು ಈ ಕೊನೆಯವಕ್ಕೆ ಮಾತ್ರ. ಉಳಿದವು ಕಂಚಿನವಾದರೂ ತತಕುತಪದಲ್ಲಿ ಕುಳಿತಿರತಕ್ಕವು. ತಂತಿಯುಳ್ಳ ರೆಬಾಬ್, ಕೊಳಲಾದ ಸುಲಿಂಗ್, ಹಾಡುವವರ ಕಂಠ, ಇವುಗಳೇ ಅವುಗಳ ನೆರೆಹೊರೆ. ಚರ್ಮವಾದ್ಯವಾದ ಕೆಂಡಾಂಗ್ ಲಯವನ್ನು ಹಿಡಿದು ಇಡೀ ಮೇಳಕ್ಕೆ ನಾಯಕನಾಗಿರುತ್ತದೆ.

ಇನ್ನೂ ಒಂದು ಸಂಗತಿಯುಂಟು. ಗಮೆಲಾನ್ ಎಂಬುದು ಬಿಡಿ ವಾದ್ಯಗಳ ಕೂಟವಲ್ಲ. ಅದು ಒಂದೇ ವಾದ್ಯವೆಂದರೂ ಸಲ್ಲುವುದು. ಐದು ಸ್ವರಗಳ ಸ್ಲೆಂಡ್ರೋ, ಏಳು ಸ್ವರಗಳ ಪೆಲೋಗ್ ಎಂಬ ಎರಡು ಶ್ರುತಿವ್ಯವಸ್ಥೆಗಳು ಜಾವಾದಲ್ಲೆಲ್ಲಾ ಇದ್ದರೂ ಅವುಗಳ ಅಂತರಗಳು ಮೇಳದಿಂದ ಮೇಳಕ್ಕೆ ಬೇರೆ. ಒಂದು ಮೇಳದ ಸಾರೋನನ್ನು ತಂದು ಇನ್ನೊಂದರಲ್ಲಿ ಇರಿಸಿದರೆ ಅಪಶ್ರುತಿಯಾಗುವುದು. ಬಾಲಿದ್ವೀಪದವರಂತೂ ಜೋಡಿವಾದ್ಯಗಳಲ್ಲಿ ಒಂದನ್ನು ಮತ್ತೊಂದಕ್ಕಿಂತ ತುಸು ಏರಿಸಿ, ಎರಡನ್ನೂ ಕೂಡಿ ಬಾರಿಸಿದಾಗ ನಾದವು ಅಲೆಯಲೆಯಾಗಿ ತುಳುಕುವಂತೆ ಮಾಡುತ್ತಾರೆ. ಆ ಅಲೆಯು ಈ ವಾದ್ಯದಲ್ಲಿಯೂ ಇಲ್ಲ, ಆ ವಾದ್ಯದಲ್ಲಿಯೂ ಇಲ್ಲ. ಎರಡರ ನಡುವೆ ಇದೆ. ಒಂದೊಂದಕ್ಕೆ ಒಂದೊಂದು ಸಂಖ್ಯೆಯನ್ನು ಅಂಟಿಸುವ ಪದ್ಧತಿಯು ಇದನ್ನು ಹಿಡಿಯುವುದಾದರೂ ಹೇಗೆ? ಜಾವಾ ಜನರು ಇಡೀ ಮೇಳಕ್ಕೆ ‘ಕ್ಯಾಯಿ’ ಎಂಬ ಗೌರವಪದವನ್ನು ಸೇರಿಸಿ ಹೆಸರಿಡುವುದನ್ನೂ, ಹಿರಿಯ ಜಾಗಟೆಗೆ ಹೂವು ಧೂಪಗಳನ್ನು ಅರ್ಪಿಸುವುದನ್ನೂ ಕಪಾಟಿನ ಶಾಸ್ತ್ರವು ಮೂಢಾಚಾರವೆಂದು ಬದಿಗಿರಿಸಬಹುದು. ಆದರೆ ಮೇಳವು ಒಂದು ವ್ಯಕ್ತಿಯೆಂಬ ಅರಿವು ಅದರಲ್ಲಿ ಅಡಗಿದೆ.

ಆಫ್ರಿಕದಲ್ಲಿ ಈ ತೊಡಕು ಬೇರೊಂದು ರೂಪದಿಂದ ಕಾಣಿಸಿಕೊಳ್ಳುವುದು. ಕಾಂಗೋ ನದಿಯ ತೀರದ ಲೊಕೇಲೆ ಜನರ ದೊಡ್ಡ ವಾದ್ಯವು ಮರದ ದಿಮ್ಮಿಯನ್ನು ಸೀಳುಬಾಯಿಯ ಮೂಲಕ ಟೊಳ್ಳಾಗಿ ಕೊರೆದುದು. ಸೀಳಿನ ಎರಡು ಅಂಚುಗಳು ಏರಿಳಿವ ಎರಡು ಸ್ವರಗಳನ್ನು ಕೊಡುತ್ತವೆ. ಅವರ ಭಾಷೆಯಲ್ಲಿ ಉಚ್ಚ ನೀಚ ಸ್ವರಗಳಿಂದ ಅರ್ಥಭೇದವಾಗುವುದರಿಂದ, ಈ ವಾದ್ಯದ ಮೂಲಕ ಮಾತನ್ನೇ ದೂರದ ಊರಿಗೆ ಕಳುಹಿಸುತ್ತಿದ್ದರು. ಒಂದೇ ಸ್ವರಪಂಕ್ತಿಯ ಪದಗಳು ಹಲವು ಇರುವಾಗ ಸಂದೇಹ ಬಾರದಿರಲೆಂದು ಒಂದೊಂದು ಪದದ ಬದಲು ಉದ್ದವಾದ ಒಂದೊಂದು ರೂಢಿವಾಕ್ಯವನ್ನೇ ಬಾರಿಸುತ್ತಿದ್ದರೆಂಬುದನ್ನು ಕ್ಯಾರಿಂಗ್ಟನ್ ಎಂಬವರು 1949ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಪಶ್ಚಿಮ ಆಫ್ರಿಕದ ಯೊರುಬಾ ಜನರೂ ವಾದ್ಯದಿಂದ ಮಾತಾಡಿಸುವವರೇ. ಆದರೆ ಅವರ ದುಂದುನ್ ಡಮರುಗದ ಆಕಾರದ ಚರ್ಮವಾದ್ಯ, ಹುರಿಗಳನ್ನು ಅಮುಕಿ ಸ್ವರವನ್ನು ಏರಿಸಿ ಇಳಿಸತಕ್ಕದ್ದು. ಕಂಪಿಸುವ ವಸ್ತುವನ್ನು ಅನುಸರಿಸಿದರೆ ಇವೆರಡೂ ಬೇರೆ ಬೇರೆ ವರ್ಗ. ಇವುಗಳ ಪ್ರಾಣವೆನಿಸಿದ ವಾಕ್‌ಶಕ್ತಿಯನ್ನು ಅನುಸರಿಸಿದರೆ ಅಣ್ಣತಮ್ಮಂದಿರು. ಸಾಹಿತ್ಯವನ್ನು ಬೋಧಿಸುವವರಿಗೆ ಈ ಎರಡನೆಯ ನಂಟೇ ಹೆಚ್ಚು ಬೆಲೆಯುಳ್ಳದ್ದು. ಅಲ್ಲಿ ರೂಢಿವಾಕ್ಯ ಹುಟ್ಟಿದ್ದು ಅಲಂಕಾರಕ್ಕಾಗಿ ಅಲ್ಲ, ಅರ್ಥನಿರ್ಣಯಕ್ಕಾಗಿ.

ಜಿಂಬಾಬ್ವೆ ದೇಶದ ಶೋನಾ ಜನರ ಎಂಬಿರಾ ವಾದ್ಯವನ್ನೂ ಇಲ್ಲಿ ನೆನೆಯಬಹುದು. ಮರದ ಹಲಗೆಯ ಮೇಲೆ ಬಿಗಿದ ಇಪ್ಪತ್ತಕ್ಕೆ ಮೇಲ್ಪಟ್ಟ ಕಬ್ಬಿಣದ ನಾಲಗೆಗಳನ್ನು ಎರಡು ಹೆಬ್ಬೆರಳುಗಳಿಂದಲೂ ಒಂದು ತೋರುಬೆರಳಿನಿಂದಲೂ ಮೀಟಿ, ದೊಡ್ಡ ಸೋರೆಬುರುಡೆಯೊಳಗೆ ಇರಿಸಿ ನುಡಿಸುವ ಈ ವಾದ್ಯವು, ಪಿತೃಗಳನ್ನು ಕರೆಯುವ ರಾತ್ರಿಯ ಆರಾಧನೆಗಳಲ್ಲಿ ಮುಖ್ಯವಾದುದು. ಹಲಗೆಗೂ ಬುರುಡೆಗೂ ಕಪ್ಪೆಚಿಪ್ಪುಗಳನ್ನೋ, ಈಚೆಗೆ ಸೀಸೆಯ ಮುಚ್ಚಳಗಳನ್ನೋ ಸಿಕ್ಕಿಸಿ, ಪ್ರತಿಯೊಂದು ಸ್ವರದೊಂದಿಗೆ ಒಂದು ಝೇಂಕಾರವು ಹೊರಡುವಂತೆ ಮಾಡಿರುತ್ತಾರೆ. ಅದನ್ನು ದೋಷವೆಂದು ಎಣಿಸುವವನು ಆ ಸಂಗೀತವನ್ನು ಕೇಳಿಯೇ ಇಲ್ಲವೆಂದು ತಿಳಿಯಬೇಕು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ದಾರದೆಳೆಯನ್ನು ಸೇರಿಸಿ ಜೀವಾಳಿಯನ್ನು ಹೊಂದಿಸುವ ಕನ್ನಡನಾಡಿನ ಗಾಯಕನಿಗೆ ಈ ಮಾತನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಇನ್ನು ಚೀನಾದೇಶದವರು ಮಾಡಿಕೊಂಡ ವಿಭಾಗವು ಈ ಎರಡಕ್ಕಿಂತಲೂ ಬೇರೆ. ಲೋಹ, ಶಿಲೆ, ರೇಷ್ಮೆ, ಬಿದಿರು, ಸೋರೆ, ಮಣ್ಣು, ತೊಗಲು, ಮರ ಎಂಬ ಅಷ್ಟನಾದಗಳನ್ನು ‘ಜೌ ಲಿ’ ಎಂಬ ಅವರ ಪ್ರಾಚೀನ ವಿಧಿಗ್ರಂಥವು ಹೇಳುತ್ತದೆ. ಬಿದಿರಿನ ಕೊಳಲೂ ಮಣ್ಣಿನ ಊದುವಾದ್ಯವೂ ಇಲ್ಲಿ ಬೇರೆ ಬೇರೆ. ಲೋಹದ ಘಂಟೆಯೂ ಶಿಲೆಯ ಪಟ್ಟಿಯೂ ಬೇರೆ ಬೇರೆ. ಭೌತಶಾಸ್ತ್ರದ ಕಣ್ಣಿಗೆ ಇದು ಅಸಂಬದ್ಧವಾಗಿ ತೋರಬಹುದು. ಆದರೆ ಈ ಎಂಟು ದ್ರವ್ಯಗಳನ್ನು ದಿಕ್ಕುಗಳೊಡನೆಯೂ ಋತುಗಳೊಡನೆಯೂ ಹೊಂದಿಸಿ, ರಾಜವಿಧಿಯ ಸಂಗೀತದಲ್ಲಿ ಎಂಟೂ ಇದ್ದರೆ ಪ್ರಪಂಚವೇ ಶ್ರುತಿಗೂಡಿದಂತೆ ಎಂದು ಅವರು ಭಾವಿಸಿದ್ದರು. ಆ ಕಲ್ಪನೆಯ ಜೊತೆಗೆ ಸೂಕ್ಷ್ಮವಾದ ನಾದಜ್ಞಾನವೂ ಅವರಲ್ಲಿ ಇತ್ತೆಂಬುದಕ್ಕೆ, 1978ರಲ್ಲಿ ಹುಬೇ ಪ್ರಾಂತದಲ್ಲಿ ಅಗೆದು ತೆಗೆದ ಝೆಂಗ್ ಸಂಸ್ಥಾನದ ಅರಸನಾದ ಯೀ ಎಂಬವನ ಸಮಾಧಿಯೇ ಸಾಕ್ಷಿ. ಕ್ರಿಸ್ತಪೂರ್ವ ಐದನೆಯ ಶತಮಾನದ ಆ ಸಮಾಧಿಯಲ್ಲಿ ದೊರೆತ ಕಂಚಿನ ಘಂಟೆಗಳು 65. ನಡುವೆ ಬಡಿದರೆ ಒಂದು ಸ್ವರ, ಪಕ್ಕಕ್ಕೆ ಬಡಿದರೆ ಮತ್ತೊಂದು, ಹೀಗೆ ಒಂದೇ ಘಂಟೆಯಿಂದ ಎರಡು ಸ್ವರಗಳು ಹೊರಡುವಂತೆ ಎರಕ ಹೊಯ್ದು, ಸ್ವರನಾಮಗಳನ್ನು ಮೈಮೇಲೆಯೇ ಕೆತ್ತಿದ್ದಾರೆ. ಘಂಟೆಯೆಂದರೆ ಕಾಲಸೂಚಕವೆಂದಷ್ಟೇ ತಿಳಿದವರು ಇವನ್ನು ನೋಡಬೇಕು.

ಕನ್ನಡದಲ್ಲಿ ಪರಿಭಾಷೆಯನ್ನು ರಚಿಸುವವರು ಇದನ್ನೆಲ್ಲ ಗಮನಿಸುವುದು ಅವಶ್ಯ. ಪಾಶ್ಚಾತ್ಯರ ಮೊದಲನೆಯ ವರ್ಗಕ್ಕೆ ಘನವಾದ್ಯವೆಂಬ ಹೆಸರನ್ನು ಕೊಡುವುದು ಈಗ ಪಠ್ಯಪುಸ್ತಕಗಳಲ್ಲಿ ಬೇರೂರಿದೆ. ಅದರ ಫಲವಾಗಿ ಘಟ, ಮೋರ್ಸಿಂಗುಗಳು ತಾಳದ ಪಂಕ್ತಿಗೆ ಸೇರಿಹೋಗಿವೆ. ಕಚೇರಿಯಲ್ಲಿ ಘಟವು ಮೃದಂಗದ ಸಂಗಾತಿ. ಜತಿಗಳನ್ನು ನುಡಿಸತಕ್ಕದ್ದು, ತನಿಯಾವರ್ತನದಲ್ಲಿ ಪಾಲನ್ನು ಪಡೆಯತಕ್ಕದ್ದು. ಕೈತಾಳಕ್ಕೂ ಅದಕ್ಕೂ ಮಣ್ಣು ಲೋಹಗಳೆರಡೂ ಗಟ್ಟಿಯೆಂಬುದೊಂದನ್ನು ಬಿಟ್ಟರೆ ಬೇರೆ ಸಾಮ್ಯವಿಲ್ಲ. ಮಹಿಯೋಂ ಮೊದಲು ಇಟ್ಟ ಹೆಸರಿನ ಅರ್ಥವನ್ನೇ ಹಿಡಿದು ಆ ವರ್ಗವನ್ನು ಸ್ವಯಂನಾದವಾದ್ಯವೆಂದು ಕರೆದು, ಘನಶಬ್ದವನ್ನು ಅದರ ಶಾಸ್ತ್ರೀಯವಾದ ಅರ್ಥದಲ್ಲಿಯೇ ಉಳಿಸಿಕೊಂಡರೆ ಗೊಂದಲ ತಪ್ಪುವುದು.

ಪ್ರಾಚೀನ ಕಾವ್ಯಗಳಿಗೂ ಶಾಸನಗಳಿಗೂ ಟಿಪ್ಪಣಿ ಬರೆಯುವವರಿಗೂ ಈ ಎಚ್ಚರ ಬೇಕು. ಶಾಸನಗಳಲ್ಲಿ ಮೇಲಿಂದ ಮೇಲೆ ಬರುವ ‘ಸಮಧಿಗತಪಂಚಮಹಾಶಬ್ದ’ ಎಂಬ ಬಿರುದಿನ ಐದು ಶಬ್ದಗಳನ್ನು ನಿಜಗುಣ ಶಿವಯೋಗಿಯ ವಿವೇಕಚಿಂತಾಮಣಿಯು ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಎಣಿಸುತ್ತದೆ. (ಕಾಶ್ಮೀರದ ರಾಜತರಂಗಿಣಿಯಲ್ಲಿ ಈ ಶಬ್ದಕ್ಕೆ ಐದು ಅಧಿಕಾರಪದವಿಗಳೆಂಬ ಅರ್ಥವಿರುವುದು ಬೇರೆ ಮಾತು.) ಸುಷಿರ ಎರಡು, ಅವನದ್ಧ ಎರಡು, ಘನ ಒಂದು ಎಂದು ಅಡಿಟಿಪ್ಪಣಿ ಹಾಕಿದರೆ ಲೆಕ್ಕ ಸರಿಹೋಗುವುದು, ವಿದ್ಯಾರ್ಥಿಗೆ ತಿಳಿಯುವುದೇನೂ ಇಲ್ಲ. ತತವೆಂಬುದು ಇದರಲ್ಲಿ ಒಂದೂ ಇಲ್ಲವೆಂಬುದೇ ಇಲ್ಲಿ ಗಮನಿಸತಕ್ಕ ಅಂಶ. ಶಾಸ್ತ್ರಗಳಲ್ಲಿ ಮೊದಲ ಸ್ಥಾನವನ್ನು ಪಡೆದ ವೀಣೆಯು ಮಹಾಮಂಡಲೇಶ್ವರನ ಬಾಗಿಲಲ್ಲಿ ನಿಲ್ಲಲಿಲ್ಲ; ಅದು ಒಳಗಿನ ಆಸ್ಥಾನದ ವಾದ್ಯ. ಹೊರಗೆ ಬಯಲಿನಲ್ಲಿ, ಆನೆ ಕುದುರೆಗಳ ಗದ್ದಲದ ಮೇಲೆ ಕೇಳಿಸಿ, ಯಜಮಾನನು ಬಂದನೆಂದು ಊರಿಗೆ ಸಾರಬಲ್ಲ ವಾದ್ಯಗಳನ್ನು ಮಾತ್ರ ಆರಿಸಿ, ಅವುಗಳನ್ನು ನುಡಿಸಿಕೊಳ್ಳುವ ಹಕ್ಕನ್ನೇ ಅರಸರು ಸಾಮಂತರಿಗೆ ಕೊಡುತ್ತಿದ್ದರು.