ಕಳವಿಗಿಂತ ಮೊದಲೇ ಬಂದ ಹೆಸರು

ಡಿಗ್ರಿ ಸಮಾಜಶಾಸ್ತ್ರದ ನೋಟ್ಸಿನಲ್ಲಿ ಹಣೆಪಟ್ಟಿ ಸಿದ್ಧಾಂತ ಎರಡು ಪುಟಕ್ಕೆ ಮುಗಿಯುತ್ತದೆ. ಹುಡುಗ ಏನೋ ಸಣ್ಣ ತಪ್ಪು ಮಾಡುತ್ತಾನೆ, ಊರು ಕಳ್ಳ ಅನ್ನುತ್ತದೆ, ಕೊನೆಗೆ ಅವನೂ ಹೌದೆಂದುಕೊಂಡು ಅದೇ ದಾರಿ ಹಿಡಿಯುತ್ತಾನೆ. ಎಡ್ವಿನ್ ಲೆಮರ್ಟ್ ಹಾಕಿಕೊಟ್ಟ ಕ್ರಮ ಇದು. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯ ಹುಡುಗರು ಬಾಯಿಪಾಠ ಮಾಡಿ ಮಾರ್ಕ್ಸ್ ತೆಗೆಯುತ್ತಾರೆ. ತಮ್ಮ ಸೀಮೆಯ ಕೊರಚರ ಕೇರಿ ಮಾತ್ರ ಉತ್ತರಪತ್ರಿಕೆಯೊಳಗೆ ಕಾಲಿಡುವುದಿಲ್ಲ.

ಇಟ್ಟರೆ ಆ ಕ್ರಮವೇ ತಲೆಕೆಳಗಾಗುತ್ತದೆ. ಹರಪನಹಳ್ಳಿಯೂ ಸೇರಿ ಈ ಭಾಗವೆಲ್ಲ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. 1871ರ ಅಪರಾಧಿ ಬುಡಕಟ್ಟು ಕಾಯ್ದೆ 1911ರಲ್ಲಿ ಆ ಪ್ರಾಂತ್ಯಕ್ಕೂ ಬಂತು. ಕೊರಚರಂತೆ ಪಟ್ಟಿಗೆ ಸೇರಿದ ಜಾತಿಯಲ್ಲಿ ಹುಟ್ಟಿದ್ದೇ ಅನುಮಾನಕ್ಕೆ ಸಾಕಾಯಿತು. ಪೊಲೀಸರಿಗೆ ಹಾಜರಿ ಕೊಡಬೇಕು, ಊರು ಬಿಡಲು ಅಪ್ಪಣೆ ಬೇಕು. ಉಪ್ಪು, ದವಸ ಹೇರಿಕೊಂಡು ಊರೂರು ತಿರುಗುತ್ತಿದ್ದ ಕೊರವ, ಕೊರಚರ ವ್ಯಾಪಾರವನ್ನು ರೈಲು ಮತ್ತು ಸರ್ಕಾರದ ಉಪ್ಪಿನ ನೀತಿ ಮುರಿದದ್ದನ್ನು ಮೀನಾ ರಾಧಾಕೃಷ್ಣ 2001ರ ತಮ್ಮ ಪುಸ್ತಕದಲ್ಲಿ ಬಿಡಿಸಿಟ್ಟಿದ್ದಾರೆ. ಹೊಟ್ಟೆಯ ಈ ಲೆಕ್ಕ ಹಣೆಪಟ್ಟಿ ಸಿದ್ಧಾಂತದಲ್ಲಿಲ್ಲ. ನನ್ನ ದೊಡ್ಡ ತಕರಾರೇ ಅದು.

ಇದೇ ಸಿದ್ಧಾಂತದ ಇನ್ನೊಬ್ಬ ಹಿರಿಯ ಹೊವಾರ್ಡ್ ಬೆಕರ್ 1963ರ ‘ಔಟ್‌ಸೈಡರ್ಸ್’ನಲ್ಲಿ ನೋಡಿದ್ದು ಗಾಂಜಾ ಸೇದುವವರನ್ನು, ಬ್ಯಾಂಡಿನವರನ್ನು. (ತಾನೇ ಜಾಝ್ ಪಿಯಾನೊ ನುಡಿಸುತ್ತಿದ್ದವನು.) ಮಾಡದ ತಪ್ಪು ಹೊತ್ತವರಿಗೂ ಅವನಲ್ಲಿ ಒಂದು ಖಾನೆ ಇದೆ, ನಿಜ. ಇಡೀ ಕೇರಿ ಅದರಲ್ಲಿ ಹಿಡಿಸುವುದಿಲ್ಲ. ಆದರೂ, ಹುಡುಗನನ್ನು ಬಿಟ್ಟು ಅವನಿಗೆ ಹೆಸರಿಡುವವರ ಮುಖ ನೋಡಿ ಅಂದನಲ್ಲ, ಅಷ್ಟಕ್ಕೆ ಅವನಿಗೆ ಋಣಿ.

1952ರ ಹೊತ್ತಿಗೆ ಅಪರಾಧಿ ಬುಡಕಟ್ಟು ಕಾಯ್ದೆ ದೇಶದೆಲ್ಲೆಡೆ ರದ್ದಾಯಿತು. 1961ರಲ್ಲಿ ರಾಜ್ಯಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆ ಬಂತು. ಬೋರ್ಡು ಬದಲಾಯಿತು, ಅಷ್ಟೆ. 2015ರ ಬಾಲನ್ಯಾಯ ಕಾಯ್ದೆ, ಮಕ್ಕಳ ವಿಷಯದಲ್ಲಿ ಆರೋಪದ ಮಾತು ಬಳಸಬಾರದು ಅನ್ನುತ್ತದೆ. ಒಳ್ಳೆಯದೇ. ಆದರೆ ಅದರ ಕೈ ಕ್ಲಾಸ್‌ರೂಮಿನವರೆಗೆ ಚಾಚುವುದಿಲ್ಲ.

ಹಗರಿಬೊಮ್ಮನಹಳ್ಳಿ ಕಡೆಯ ಒಂದು ಶಾಲೆ, ನಾವು ಏಳನೇ ಕ್ಲಾಸು. ಯಾರದೋ ಕಂಪಾಸ್ ಪೆಟ್ಟಿಗೆ ಕಾಣೆಯಾಯಿತು. ಮೇಷ್ಟ್ರು ಇನ್ನೂ ಕುರ್ಚಿಯಿಂದ ಎದ್ದಿರಲಿಲ್ಲ. ಕೊರಚರ ಕೇರಿಯ ಹುಡುಗ ತಾನಾಗಿ ಎದ್ದುಬಂದು, ಗೊಬ್ಬರದ ಚೀಲ ಹೊಲಿದು ಮಾಡಿದ್ದ ತನ್ನ ಬ್ಯಾಗನ್ನು ಮೇಜಿನ ಮೇಲೆ ಬೋರಲು ಹಾಕಿದ. ಎರಡು ಪುಸ್ತಕ, ಮೊಂಡು ಪೆನ್ಸಿಲು, ಒಂದು ಮುಷ್ಟಿ ಶೇಂಗಾ. ಶೇಂಗಾ ಉರುಳಿ ನೆಲಕ್ಕೆ ಬಿದ್ದವು. ಅವನು ಆರಿಸಿಕೊಳ್ಳುವಾಗ ಮೇಷ್ಟ್ರು ಕೇಳಿದರು, ‘ಶೇಂಗಾ ಯಾರ ಹೊಲದ್ದಲೇ?’